ಹೆಣ್ಣು ಮರಿಗಳನ್ನು ಮೀನು ಮಾರ್ಕೆಟ್ಟಿಗೆ ಬಿಡುವವರಿಗೆ

ಇವತ್ತು ಬೆಳಿಗ್ಗೆ ಮೀನು ಮಾರ್ಕೆಟ್ಟಿನ ಹಿಂಬದಿಯಲ್ಲಿ, ಖಾಲಿ ಐಸ್ ಪೆಟ್ಟಿಗೆ ರಾಶಿ ಹಾಕುವಲ್ಲಿ, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಐದು ನಾಯಿಮರಿ. ಐದೂ ಹೆಣ್ಣು. ಕಣ್ಣು ಈಗಷ್ಟೇ ಸೀಳು ಬಿಟ್ಟಿದೆ, ಒಳಗೆ ಇನ್ನೂ ಮಸುಕು ನೀಲಿ. ಕಿವಿ ತಲೆಗೆ ಅಂಟಿಕೊಂಡೇ ಉಂಟು, ಒಸಡಿನಲ್ಲಿ ಹಲ್ಲಿನ ಸುಳಿವಿಲ್ಲ. ಅಂದರೆ ಹುಟ್ಟಿ ಎರಡು ವಾರವೂ ಆಗಿಲ್ಲ. ಒಂದರ ಕಣ್ಣಿನ ಮೂಲೆಯನ್ನು ಕೆಂಪಿರುವೆ ಕಚ್ಚಿ ಹಿಡಿದಿತ್ತು. ಮರಿಗೆ ಕೂಗಲಿಕ್ಕೂ ಶಕ್ತಿ ಉಳಿದಿರಲಿಲ್ಲ.

ಐದಕ್ಕೆ ಐದೂ ಹೆಣ್ಣು ಅನ್ನುವುದು ಆಕಸ್ಮಿಕ ಅಲ್ಲ. ಅದೇ ತಾಯಿಗೆ ಗಂಡು ಮರಿಯೂ ಹುಟ್ಟಿರುತ್ತದೆ, ಅವನ್ನು ಅಕ್ಕಪಕ್ಕದವರು ಮೊದಲೇ ಹೇಳಿಟ್ಟಿರುತ್ತಾರೆ. "ಹೆಣ್ಣು ಎಂತಕ್ಕೆ ಮಾರಾಯ್ರೆ, ಗಂಡಿದ್ರೆ ಒಂದು ಇಡಿ" ಅನ್ನುವ ಮಾತನ್ನು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಕೇಳದವರಿಲ್ಲ. ಉಳಿದ ಹೆಣ್ಣು ಮರಿಗಳು ಗೋಣಿಗೆ, ರಟ್ಟಿನ ಪೆಟ್ಟಿಗೆಗೆ, ಬೈಕಿನ ಹಿಂದೆ, ರಾತ್ರಿ ಹೊತ್ತಲ್ಲಿ ಮಾರ್ಕೆಟ್ಟಿಗೆ, ಬೋಟು ನಿಲ್ಲುವ ದಕ್ಕೆಗೆ, ದೇವಸ್ಥಾನದ ಗದ್ದೆಗೆ. ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ. ಅದನ್ನು ಮುಚ್ಚಿಡುವ ಅಗತ್ಯವೂ ನನಗೆ ಕಾಣುವುದಿಲ್ಲ.

ಬಿಡುವವರು ಹೇಳುವ ಸಮಾಧಾನ ಒಂದೇ: "ಅಲ್ಲಿ ಮೀನಿನ ತಲೆ, ಕರುಳು ಬೇಕಾದಷ್ಟು ಸಿಗ್ತದೆ, ಹೇಗಾದರೂ ಬದುಕ್ತವೆ." ಇಲ್ಲ. ಹಲ್ಲೇ ಬಾರದ ಮರಿ ಬೂತಾಯಿ ಮೀನಿನ ತಲೆಯನ್ನು ಏನು ಮಾಡಬೇಕು? ಅದಕ್ಕೆ ಗೊತ್ತಿರುವುದು ಮೊಲೆ ಚೀಪುವುದು ಮಾತ್ರ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ, ತಾಯಿಯ ಹೊಟ್ಟೆಯ ಬಿಸಿಯೇ ಆಧಾರ. ಈ ತಿಂಗಳ ಇಬ್ಬನಿ ಬೀಳುವ ರಾತ್ರಿಯಲ್ಲಿ ಒದ್ದೆ ಸಿಮೆಂಟು ನೆಲದ ಮೇಲೆ ಬಿಟ್ಟರೆ ಬೆಳಗಾಗುವುದರೊಳಗೆ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದ ಮೇಲೆ ಕರುಳಿನ ಚಲನೆ ನಿಲ್ಲುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ. ಇರುವೆ ಹತ್ತುವುದು ಆಗ. ಬೆಳಕು ಹರಿದರೆ ಕಾಗೆ, ಗಿಡುಗ. ಇವೆಲ್ಲ ದಾಟಿದರೂ ಆ ಜಾಗಕ್ಕೆ ಮೊದಲೇ ಒಂದು ನಾಯಿಗುಂಪು ಇರುತ್ತದೆ, ಹೊರಗಿನ ಮರಿಯನ್ನು ಅವು ಸೇರಿಸಿಕೊಳ್ಳುತ್ತವೆ ಎಂಬ ಭರವಸೆ ಯಾರೂ ಇಟ್ಟುಕೊಳ್ಳಬೇಡಿ. ಹೇಗೋ ಆರು ತಿಂಗಳು ಬದುಕಿತು ಅಂತಲೇ ಇಟ್ಟುಕೊಳ್ಳಿ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ದಕ್ಕೆಯಲ್ಲಿ ಆಗ ಮನುಷ್ಯರಿಗೇ ಕೆಲಸವಿಲ್ಲ, ನಾಯಿಗೆ ಯಾರು ಮೀನು ಎಸೆಯುತ್ತಾರೆ?

ಮರಿ ಬಿಟ್ಟು ಬಂದವರ ಮನೆಯಲ್ಲಿ ತಾಯಿ ನಾಯಿ ಇರುತ್ತದಲ್ಲ, ಅದರ ಬಗ್ಗೆಯೂ ಹೇಳಬೇಕು. ಹಾಲು ಪೂರ್ತಿ ಇಳಿಯುತ್ತಿರುವ ಹೊತ್ತಿನಲ್ಲಿ ಕುಡಿಯುವ ಬಾಯಿಗಳನ್ನೆಲ್ಲ ಒಮ್ಮೆಲೇ ಕಿತ್ತುಕೊಂಡರೆ ಮೊಲೆ ಬಿಗಿಯುತ್ತದೆ, ಕಲ್ಲಾಗುತ್ತದೆ, ಕೆಂಪಾಗಿ ಬಿಸಿಯಾಗುತ್ತದೆ. ಸೋಂಕು ತಗಲಿದರೆ ಕೀವು, ಜ್ವರ, ಕೆಲವೊಮ್ಮೆ ಚರ್ಮ ಕಪ್ಪಾಗಿ ಒಡೆದೇ ಹೋಗುತ್ತದೆ. ಅಂಗಳದ ಸುತ್ತ ಮೂಸಿಕೊಂಡು, ಹಟ್ಟಿಯ ಮೂಲೆ ಕೆರೆದುಕೊಂಡು, ರಾತ್ರಿಯಿಡೀ ಕುಂಯ್‌ಗುಟ್ಟುವ ಆ ತಾಯಿಗೆ ಬಯ್ದು ಸುಮ್ಮನಿರಿಸುವವರು ಇದ್ದಾರೆ. ಒಂದೆರಡು ಮರಿಯನ್ನಾದರೂ ಬಳಿಯಲ್ಲಿ ಉಳಿಸಿ, ಉಳಿದವನ್ನು ಎಂಟು ವಾರ ತುಂಬಿದ ಮೇಲೆ ಒಂದೊಂದಾಗಿ ಕೊಟ್ಟರೆ ಈ ನೋವು ಬರುವುದು ತೀರ ಕಡಿಮೆ.

ನಾಯಿಯ ನಿಯತ್ತಿನ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ! ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಮ್ಮ ಹೆಮ್ಮೆ. ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಆ ಕಲ್ಲು ಇವತ್ತಿಗೂ ಬೆಂಗಳೂರಿನ ಮ್ಯೂಸಿಯಂನಲ್ಲಿ ಉಂಟು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ಗುತ್ತಿಯ ನಾಯಿ ಹುಲಿಯನನ್ನು ಮರೆಯಲಿಕ್ಕೆ ಸಾಧ್ಯವೇ? ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ಕಣ್ಣು ಒದ್ದೆಯಾಗದೆ ದಾಟಲು ನನಗಂತೂ ಆಗುವುದಿಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕತೆಯಂತೂ ಮಕ್ಕಳಿಗೂ ಗೊತ್ತು.

ಆದರೆ ಅದೇ ಮಹಾಭಾರತದ ಆದಿಪರ್ವದ ಶುರುವಿನಲ್ಲೇ ಬರುವ ಇನ್ನೊಂದು ನಾಯಿಯನ್ನು ಯಾರೂ ನೆನೆಯುವುದಿಲ್ಲ. ಅದು ಸರಮೆ, ದೇವಲೋಕದ ಹೆಣ್ಣು ನಾಯಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ, ಪಣಿಗಳೆಂಬ ಅಸುರರು ಬಚ್ಚಿಟ್ಟ ಹಸುಗಳನ್ನು ಹುಡುಕಿಕೊಂಡು ಇಂದ್ರನ ದೂತಿಯಾಗಿ ಹೋಗಿ ಎದುರು ನಿಂತು ವಾದ ಮಾಡಿದವಳೂ ಅವಳೇ. ಜನಮೇಜಯ ರಾಜ ಕುರುಕ್ಷೇತ್ರದಲ್ಲಿ ಸತ್ರವೆಂಬ ದೀರ್ಘ ಯಜ್ಞ ನಡೆಸುವಾಗ ಅವಳ ಮರಿ ಅಲ್ಲಿಗೆ ಬರುತ್ತದೆ. ಜನಮೇಜಯನ ಮೂವರು ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅಳುತ್ತಾ ಬಂದ ಮರಿಯನ್ನು ಸರಮೆ ಮೊದಲು ಕೇಳುವುದು, ನೀನೇನಾದರೂ ತಪ್ಪು ಮಾಡಿದೆಯಾ ಅಂತ. ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಅನ್ನುತ್ತದೆ ಮರಿ. ಆಗ ತಾಯಿ ನೇರವಾಗಿ ರಾಜನ ಯಜ್ಞಶಾಲೆಗೆ ಹೋಗಿ, ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮ್ಮ ಮೇಲೆ ಬರಲಿ ಎಂದು ಶಪಿಸಿ ಹೋಗುತ್ತಾಳೆ. ಆ ಶಾಪಕ್ಕೆ ಹೆದರಿ ಜನಮೇಜಯ ತಕ್ಕ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ. ಮರಿಯ ಪರವಾಗಿ ತಾಯಿ ನಾಯಿ ಚಕ್ರವರ್ತಿಯ ಎದುರು ನ್ಯಾಯ ಕೇಳುವ ಪ್ರಸಂಗವನ್ನು ನಮ್ಮ ಹಿರಿಯರು ಇಷ್ಟು ಮುಖ್ಯ ಜಾಗದಲ್ಲಿ ಇಟ್ಟಿದ್ದಾರೆ. ನಾವು ಹೆಣ್ಣು ಮರಿಗಳನ್ನು ಪೆಟ್ಟಿಗೆಯಲ್ಲಿ ಕಟ್ಟುತ್ತಿದ್ದೇವೆ.

ಇಂಥ ಮರಿಗಳು ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರ ಕೈಯಲ್ಲೇ ಎಷ್ಟೋ ಮರಿಗಳು ಸಾಯುತ್ತವೆ. ಎಲ್ಲರೂ ಮಾಡುವ ತಪ್ಪು, ಕಂಡ ಕೂಡಲೇ ಹಾಲು ಕುಡಿಸುವುದು. ತಣ್ಣಗಿರುವ ಮರಿಗೆ ಹಾಲು ಹಾಕಲೇಬೇಡಿ. ಬೆರಳನ್ನು ಬಾಯೊಳಗಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ, ಥರ್ಮಾಮೀಟರ್ ಇದ್ದವರಿಗೆ ಗುದದ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಂಡರೆ, ಹೊಟ್ಟೆಗೆ ಹೋದ ಹಾಲು ಅಲ್ಲೇ ನಿಂತು ಕೊಳೆಯುತ್ತದೆ, ಇಲ್ಲವೇ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಬಿಸಿ ಮಾಡಿ, ಅದೂ ನಿಧಾನಕ್ಕೆ, ಒಂದೆರಡು ಗಂಟೆ ಹಿಡಿಯಲಿ. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಎರಡು ಸುತ್ತು ಸುತ್ತಿ, ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಹರಿದು ಹೋಗಬೇಕು, ಅದಕ್ಕೆ ಜಾಗ ಬೇಕು. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ನೀರಿರುವ ತಟ್ಟೆಗಳಲ್ಲಿ ಕಾಲೂರಿದ ಸ್ಟೂಲಿನ ಮೇಲಿಟ್ಟರೆ ಇರುವೆ ಬರುವುದಿಲ್ಲ.

ಹಾಲು ಯಾವುದು? ದನದ ಹಾಲಿಗೆ ನೀರು ಬೆರೆಸಿ ಕೊಡುವುದು ನಮ್ಮಲ್ಲಿ ರೂಢಿ, ಅದು ಎರಡು ಪಟ್ಟು ತಪ್ಪು. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ದನದ ಹಾಲಿನ ಎರಡರಷ್ಟಕ್ಕಿಂತ ಹೆಚ್ಚು ಇರುತ್ತವೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಕಡಿಮೆ. ನೀರು ಬೆರೆಸಿದ ದನದ ಹಾಲು ಕುಡಿದ ಮರಿ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಒಳಗೆ ಹಸಿದಿರುತ್ತದೆ, ಮೇಲಿಂದ ಭೇದಿ. ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಅದು ಸಿಗುವ ತನಕ ಒಂದು ರಾತ್ರಿ ಕಳೆಯಲು ಕಾಲು ಲೀಟರ್ ಗಟ್ಟಿ ಹಾಲಿಗೆ ಒಂದು ಮೊಟ್ಟೆಯ ಹಳದಿ ಕದಡಿ, ಸೋಸಿ, ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ ಕೊಡಬಹುದು. ಸಕ್ಕರೆ ಬೇಡ. ಅಡುಗೆಮನೆಯ ತಕ್ಕಡಿಯಲ್ಲಿ ಮರಿಯನ್ನು ತೂಗಿ. 100 ಗ್ರಾಂ ತೂಕಕ್ಕೆ ಒಂದು ಹೊತ್ತಿಗೆ 4 ಮಿಲಿ, ಅಂದರೆ ಅರ್ಧ ಕಿಲೋ ಮರಿಗೆ 20 ಮಿಲಿ. ಎರಡು ವಾರದೊಳಗಿನ ಮರಿಗೆ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ. ಆಮೇಲೆ ನಾಲ್ಕು ಗಂಟೆಗೊಮ್ಮೆ ಸಾಕು. ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆ, ತಾಯಿಯ ಹತ್ತಿರ ಹೇಗೆ ಇರುತ್ತದೋ ಹಾಗೆಯೇ. ಮೂಗಿನಲ್ಲಿ ಹಾಲಿನ ಗುಳ್ಳೆ ಬಂತೆಂದರೆ ನಿಲ್ಲಿಸಿ, ಸಿರಿಂಜನ್ನು ಜೋರಾಗಿ ಒತ್ತಿದ್ದೀರಿ ಎಂದರ್ಥ.

ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಗೆ, ಬಾಲದ ಬುಡದಲ್ಲಿ ಮೆಲ್ಲಗೆ ಒರೆಸಿ. ಸುಮಾರು ಮೂರು ವಾರದವರೆಗೆ ಮರಿಗಳು ತಾಯಿ ನೆಕ್ಕದೆ ಉಚ್ಚೆ, ಕಕ್ಕ ಮಾಡುವುದಿಲ್ಲ. ಇದು ಗೊತ್ತಿಲ್ಲದೆ ಹೊಟ್ಟೆ ಉಬ್ಬಿ ಸತ್ತ ಮರಿಗಳು ಎಷ್ಟೋ. ಚಿಗಟಕ್ಕೆಂದು ದನಕ್ಕೆ ಹಾಕುವ ಪುಡಿ ಹಾಕಬೇಡಿ, ಬಾಚಣಿಗೆಯಲ್ಲಿ ತೆಗೆಯಿರಿ. ಜಂತುಹುಳ ತಾಯಿಯ ಗರ್ಭದಲ್ಲೇ ಬರುವುದರಿಂದ ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಔಷಧ ಬೇಕು, ಪ್ರಮಾಣ ಡಾಕ್ಟರು ತೂಕ ನೋಡಿ ಹೇಳಲಿ. ಪಾರ್ವೊ ಎಂಬ ರಕ್ತಭೇದಿ ರೋಗದ ಲಸಿಕೆ ಆರರಿಂದ ಎಂಟನೇ ವಾರಕ್ಕೆ, ರೇಬೀಸಿನದು ಮೂರನೇ ತಿಂಗಳಿಗೆ.

ಇಷ್ಟು ಕಷ್ಟ ಒಂದು ಪೆಟ್ಟಿಗೆ ಮರಿಗಳಿಗೆ. ಬಿಟ್ಟು ಹೋಗುವವರಿಗೆ ಬೇಕಾದದ್ದು ಐದು ನಿಮಿಷ. ಇದೇ ನನ್ನ ಹೊಟ್ಟೆಯ ಸಂಕಟ.

ಹೆಣ್ಣು ನಾಯಿ ಯಾಕೆ ಬೇಡ ಅಂತ ಕೇಳಿದರೆ ಎರಡೇ ಕಾರಣ ಹೇಳುತ್ತಾರೆ. ಬೆದೆಗೆ ಬಂದಾಗ ಮೂರು ವಾರ ಊರ ಗಂಡು ನಾಯಿಗಳೆಲ್ಲ ಗೇಟಿನ ಹತ್ತಿರ ಗಲಾಟೆ ಮಾಡುತ್ತವೆ. ಅದಾಗಿ 63 ದಿನಕ್ಕೆ ಮರಿ. ಸಂತಾನಹರಣದ ಒಂದು ಆಪರೇಶನ್ನಿನಿಂದ ಎರಡೂ ಕಾರಣ ಇಲ್ಲವಾಗುತ್ತವೆ! ಕಾವಲಿಗೆ ಹೆಣ್ಣು ನಾಯಿ ಯಾವ ಗಂಡಿಗೂ ಕಡಿಮೆಯಿಲ್ಲ, ಊರು ತಿರುಗುವುದಿಲ್ಲ, ಕಾದಾಡಿ ಕಿವಿ ಹರಿದುಕೊಂಡು ಬರುವುದಿಲ್ಲ. ಆರು ತಿಂಗಳಿಗೆ, ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಮೊಲೆಯ ಗಡ್ಡೆಯ ಭಯವೂ ತೀರ ಕಡಿಮೆ. ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಮಧ್ಯವಯಸ್ಸಿನ ಹೆಣ್ಣು ನಾಯಿಗಳಿಗೆ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಬರುತ್ತದೆ. ವಿಪರೀತ ನೀರು ಕುಡಿಯುವುದು, ವಾಂತಿ, ಹೊಟ್ಟೆ ಊದುವುದು, ಕೆಲವಕ್ಕೆ ಕೀವಿನ ಸ್ರಾವ. ಆಪರೇಶನ್ ಆದ ನಾಯಿಗೆ ಆ ಅಪಾಯವೂ ಇಲ್ಲ. "ಒಂದು ಸಲವಾದರೂ ಮರಿ ಹಾಕಲಿ" ಅನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಬೆದೆ ತಡೆಯುವ ಇಂಜೆಕ್ಷನ್ ಕೊಡಿಸುವವರೂ ಇದ್ದಾರೆ, ದಯವಿಟ್ಟು ಬೇಡ. ಅದೇ ಕೀವು ತುಂಬುವ ರೋಗವನ್ನು ಅದು ಕರೆದು ತರುತ್ತದೆ.

ನಮ್ಮ ಕರಾವಳಿಯಲ್ಲಿ ಒಂದು ಎಚ್ಚರ. ಇಲ್ಲಿ ಉಣ್ಣಿ ಹೆಚ್ಚು, ಉಣ್ಣಿ ಜ್ವರವೂ ಹೆಚ್ಚು. ಆ ರೋಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ಹೊರಗೆ ನಾಯಿ ಚೆನ್ನಾಗಿಯೇ ಕಾಣುತ್ತದೆ, ಕತ್ತರಿ ಹಾಕಿದ ಮೇಲೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬೆದೆಯಲ್ಲಿರುವಾಗ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿರುತ್ತದೆ, ಆಗಲೂ ಬೇಡ. ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಿ. ಆದ ಮೇಲೆ ಹತ್ತು-ಹನ್ನೆರಡು ದಿನ ಹೊಲಿಗೆ ಒದ್ದೆಯಾಗಬಾರದು, ನೆಕ್ಕದಂತೆ ಕೊರಳಿಗೆ ಕಾಲರ್, ಅಡಿಕೆ ತೋಟಕ್ಕೆ ಬಿಡುವುದಂತೂ ಇಲ್ಲವೇ ಇಲ್ಲ. ಒಸಡು ಬಿಳಿಚಿದರೆ ಕೂಡಲೇ ಡಾಕ್ಟರ ಹತ್ತಿರ ಓಡಿ. ಆಮೇಲೆ ಅನ್ನವನ್ನು ಕಾಲು ಭಾಗ ಕಡಿಮೆ ಮಾಡಿ. ಆಪರೇಶನ್ನಿನಿಂದ ನಾಯಿ ದಪ್ಪವಾಯಿತು ಅನ್ನುವ ದೂರು ಬರುವುದು ಮೊದಲಿನಷ್ಟೇ ಅನ್ನ ಹಾಕುವ ಮನೆಗಳಿಂದ.

ಕೆಳಗೆ ಕಮೆಂಟಿನಲ್ಲಿ ಬರುವ ಮಾತು ನನಗೆ ಗೊತ್ತು: ಬೀದಿ ನಾಯಿ ಮಕ್ಕಳನ್ನು ಕಚ್ಚುತ್ತದೆ, ರೇಬೀಸ್ ಬಂದರೆ ಸಾವೇ, ನಿಮಗೆ ಮರಿಯ ಚಿಂತೆ. ಕಚ್ಚುವುದು ಹೌದು, ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯುವವರಿಲ್ಲ ಎನ್ನುವುದೂ ಹೌದು. ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆದು, ಅರಿಸಿನ, ಸುಣ್ಣ ಏನೂ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಆದರೆ ಬೀದಿಗೆ ನಾಯಿ ಬರುವುದು ಎಲ್ಲಿಂದ? ಪೆಟ್ಟಿಗೆ ಕಟ್ಟುವವರ ಮನೆಯಿಂದಲೂ ಬರುತ್ತದೆ. ಬದುಕಿ ಉಳಿದ ಒಂದು ಹೆಣ್ಣು ಮರಿ ಲಸಿಕೆಯಿಲ್ಲದೆ ಬೆಳೆದು ಒಂದು ವರ್ಷದೊಳಗೆ ಅದೇ ಮಾರ್ಕೆಟ್ಟಿನಲ್ಲಿ ಮರಿ ಹಾಕುತ್ತದೆ. ನಾಯಿ ಕಚ್ಚುವ ಭಯ ಇರುವವರು ನನಗಿಂತ ಜೋರಾಗಿ ಈ ಮಾತು ಹೇಳಬೇಕಿತ್ತು.

ಖರ್ಚಿನ ಮಾತೂ ಬರುತ್ತದೆ. ಎಕರೆಗಟ್ಟಲೆ ತೋಟ ಇರುವವರ ಬಾಯಲ್ಲೂ ಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಕೈಯಲ್ಲಿ ಇಲ್ಲದವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಮಂಗಳೂರಿನ ಶಕ್ತಿನಗರದಲ್ಲಿ, ಮಲ್ಪೆಯಲ್ಲಿ ಪ್ರಾಣಿ ಆರೈಕೆಯ ಟ್ರಸ್ಟ್‌ಗಳಿವೆ, ಅಲ್ಲಿಯೂ ವಿಚಾರಿಸಿ.

ಕಾನೂನು ಏನು ಹೇಳುತ್ತದೆ ಅಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ದಶಕಗಳಿಂದ ಅಷ್ಟೇ. ದಂಡಕ್ಕೆ ಹೆದರಿ ಯಾರೂ ನಿಲ್ಲುವುದಿಲ್ಲ, ಹಾಗಾಗಿ ಮನೆಮನೆಗೆ ಹೇಳುವುದು ಬಿಟ್ಟು ಬೇರೆ ದಾರಿಯಿಲ್ಲ.

ನಮ್ಮ ಊರ ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಭಾದ್ರಪದದ ಹೊತ್ತಿಗೆ, ಮರಿ ಹಾಕುವುದು ನವೆಂಬರ್, ಡಿಸೆಂಬರ್‌ನಲ್ಲಿ. ಅಂದರೆ ನಿಮ್ಮ ಮನೆಯ ತಾಯಿ ಈಗ ಹಾಲೂಡುತ್ತಿರಬಹುದು. ಮರಿಗಳು ಎಂಟು ವಾರ ಅವಳ ಹತ್ತಿರವೇ ಇರಲಿ. ನಾಲ್ಕನೇ ವಾರದಿಂದ ಮೆತ್ತಗೆ ಬೆಂದ ಗಂಜಿಗೆ ಮುಳ್ಳು ತೆಗೆದ ಮೀನು ಹಿಚುಕಿ, ಉಪ್ಪು ಖಾರ ಇಲ್ಲದೆ ಕೊಡಿ. ಹೆಣ್ಣು ಮರಿ ಕೊಂಡುಹೋಗುವವರ ಫೋನ್ ನಂಬರ್ ಬರೆದಿಟ್ಟುಕೊಂಡು, ಆರು ತಿಂಗಳಾದಾಗ ಆಪರೇಶನ್ ಆಯಿತಾ ಅಂತ ಒಂದು ಕರೆ ಮಾಡಿ. ತಾಯಿಯ ಹಾಲು ಬತ್ತಲು ಇನ್ನೆರಡು ವಾರ ಬಿಟ್ಟು, ಫೆಬ್ರವರಿ ಕೊನೆಯೊಳಗೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ. ಮಳೆ ಶುರುವಾಗುವ ಮೊದಲು ಹೊಲಿಗೆ ಒಣಗಿ ಗಾಯ ಪೂರ್ತಿ ಮಾಗಿರುತ್ತದೆ.