ಇಳಿಸಿದ ಮೇಲೆ ಇನ್ನೆಂಥ ವಿಚಾರಣೆ?

2025ರ ನವೆಂಬರ್ 17ರಂದು ಢಾಕಾದ ಟ್ರಿಬ್ಯುನಲ್ (ವಿಶೇಷ ಕೋರ್ಟ್) ಬಾಂಗ್ಲಾದೇಶದ ಮಾಜಿ ಪ್ರಧಾನಿ ಶೇಖ್ ಹಸೀನಾಗೆ ಗಲ್ಲು ಶಿಕ್ಷೆ ಕೊಟ್ಟಾಗಿನಿಂದ ನಮ್ಮ ಗೆಳೆಯರಲ್ಲಿ ಒಂದೇ ವಾದ: ಕುರ್ಚಿಯಿಂದ ಇಳಿಸಿದವರಿಗೆ ನ್ಯಾಯವಾದ ವಿಚಾರಣೆ ಸಿಗುತ್ತಾ? ಆಕೆ ಇದ್ದದ್ದು ಭಾರತದಲ್ಲಿ. ಆಕೆಯ ಪರ ನಿಂತದ್ದು ಸರ್ಕಾರವೇ ನೇಮಿಸಿದ ವಕೀಲ. ತಮಾಷೆ ಅಂದ್ರೆ 2010ರಲ್ಲಿ ಆ ಟ್ರಿಬ್ಯುನಲ್ ಶುರು ಮಾಡಿದ್ದು ಆಕೆಯದೇ ಸರ್ಕಾರ! ಮಂಡ್ಯದ ಗೆಳೆಯ ಫೋನಿನಲ್ಲಿ ರೇಗಿದ: "ಅಲ್ಲ ಕಣ್ಲಾ, ಅಷ್ಟ್ ಜನುನ್ ಸಾಯ್ಸಿದೋರ್ಗೆ ಕೋರ್ಟು ಗೀರ್ಟು ಯಾಕ್ಲಾ?"

ಅವನ ಸಿಟ್ಟು ಸುಳ್ಳಲ್ಲ. 2024ರಲ್ಲಿ ಆಕೆಯನ್ನು ಇಳಿಸಿದ ಚಳವಳಿಯಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದ್ದೂ ಸುಳ್ಳಲ್ಲ. ನಾನು ಕೇಳೋದು ಇಷ್ಟೇ: ಆ ಕೋರ್ಟಿನಲ್ಲಿ 'ತಪ್ಪು ಸಾಬೀತಾಗಿಲ್ಲ' ಅಂತ ತೀರ್ಪು ಬರೋ ಸಾಧ್ಯತೆ ಇತ್ತಾ? ಹಾಗೆ ಬರೆದ ಜಡ್ಜ್ ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತಾ?

ಇರಾಕಿನಲ್ಲಿ ಪದಚ್ಯುತ ಅಧ್ಯಕ್ಷ ಸದ್ದಾಂ ಹುಸೇನ್ ಕೇಸ್ ನೋಡಿ. ಮೊದಲ ಮುಖ್ಯ ನ್ಯಾಯಾಧೀಶ ರಿಜ್ಗರ್ ಅಮೀನ್ ಅವನಿಗೆ ಮಾತಾಡಲು ಬಿಟ್ಟರು. ತೀರಾ ಮೆತ್ತಗಾದರು ಅಂತ ಸರ್ಕಾರದವರೇ ದೂರಿದರು. 2006ರ ಜನವರಿಯಲ್ಲಿ ಅಮೀನ್ ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಬಂದ ರವೂಫ್ ಅಬ್ದುಲ್ ರಹಮಾನ್ ಹಲಬ್ಜಾದವರು. 1988ರಲ್ಲಿ ಸದ್ದಾಂ ಸೈನ್ಯ ವಿಷಾನಿಲ ಹಾಕಿದ್ದು ಅದೇ ಊರಿನ ಮೇಲೆ. ಅವರು ಎಷ್ಟೇ ಪ್ರಾಮಾಣಿಕರಿರಲಿ, ನೋಡುವವರಿಗೆ ಏನನ್ನಿಸಬೇಕು? ವಿಚಾರಣೆ ನಡೀತಿರುವಾಗಲೇ ಆರೋಪಿಗಳ ಪರ ವಕೀಲರ ಕೊಲೆಗಳೂ ಆದವು.

ಅಷ್ಟು ದೂರ ಯಾಕೆ, ನಮ್ಮ ಮೈಸೂರೇ ಇದೆಯಲ್ಲ. ನಗರ ಸೀಮೆಯ (ಈಗಿನ ಶಿವಮೊಗ್ಗ ಕಡೆಯ) ದಂಗೆ ಮುಂದಿಟ್ಟುಕೊಂಡು 1831ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ತನಿಖೆಗೆ ಸಮಿತಿ ಕೂತದ್ದು ಆಮೇಲೆ, ವರದಿ ಬಂದದ್ದು 1833ರಲ್ಲಿ. ಶಿಕ್ಷೆ ಮೊದಲು, ವಿಚಾರಣೆ ನಂತರ! ಆಡಳಿತ ಹದಗೆಟ್ಟಿತ್ತು, ಕಂದಾಯ ಗುತ್ತಿಗೆ ಹಿಡಿದವರು ರೈತರನ್ನು ಹಿಂಡಿದ್ದರು, ಒಪ್ಪೋಣ. ಆದರೂ ಖುದ್ದು ಬೆಂಟಿಂಕನೇ 1834ರಲ್ಲಿ ರಾಜ್ಯದ ಒಂದಷ್ಟು ಭಾಗ ವಾಪಸ್ ಕೊಡೋಣ ಅಂದ. ಲಂಡನ್ನಿನವರು ಕೇಳಲಿಲ್ಲ. ದೊರೆ 1868ರಲ್ಲಿ ತೀರಿಕೊಂಡರು, ಆಡಳಿತ ಅರಮನೆಗೆ ಮರಳಿದ್ದು 1881ರಲ್ಲಿ. 

ಹಾಗಂತ ಆಗೋದೇ ಇಲ್ಲ ಅಂತಲ್ಲ. ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೇ ಅವರನ್ನು ಇಳಿಸಿದ್ದು ಅಲ್ಲಿನ ಸಂವಿಧಾನ ಕೋರ್ಟ್. ಕೇಸ್ ನಡೆದದ್ದು ಮೊದಲಿಂದ ಇದ್ದ ಕೋರ್ಟುಗಳಲ್ಲೇ. ಮೇಲ್ಮನವಿ ಹೋಯಿತು, ಜೈಲಾಯಿತು, 2021ರ ಕೊನೆಗೆ ಕ್ಷಮಾದಾನವೂ ಸಿಕ್ಕಿತು. ಗೆಲುವಿನ ಗದ್ದಲದಲ್ಲಿ ಹೊಸ ಕೋರ್ಟ್ ಹುಟ್ಟಲಿಲ್ಲ.

ಹಸೀನಾ ಮೇಲೆ ಕೇಸ್ ನಡೆಯಲೇಬೇಕು, ಆಕೆಯೇ ಆರಿಸಿದ ವಕೀಲರು ಆಕೆಯ ಪರ ವಾದಿಸಬೇಕು. ಗಲ್ಲು ಮಾತ್ರ ಬೇಡ. ಪಾಕಿಸ್ತಾನದಲ್ಲಿ ಸೇನೆ ಇಳಿಸಿದ ಪ್ರಧಾನಿ ಝುಲ್ಫಿಕರ್ ಅಲಿ ಭುಟ್ಟೋ ಅವರನ್ನು ನೇಣಿಗೆ ಹಾಕಿದ್ದು 1979ರಲ್ಲಿ. ಅವರಿಗೆ ನ್ಯಾಯವಾದ ವಿಚಾರಣೆ ಸಿಗಲಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟೇ 2024ರಲ್ಲಿ ಹೇಳಿತು. ಮಂಡ್ಯದವನಿಗೆ ಇದನ್ನೂ ಹೇಳಿದೆ. "ಅದ್ ಬೇರೆ, ಇದ್ ಬೇರೆ" ಅಂತಾನೆ. ಹೇಗೆ ಬೇರೆ ಅಂತ ಇಲ್ಲೇ ಬಂದು ಬರೀಲಿ.