ನಾದಸ್ವರಕ್ಕೆ ಮರ ಎಲ್ಲಿಂದ ತರೋಣ?

ಮದುವೆ ಸೀಸನ್ ಬಂದರೆ ಸಾಕು, "ಎಲ್ಲಾ ಡಿಜೆ ಆಗೋಯ್ತು, ನಾದಸ್ವರ ಕೇಳೋರೇ ಇಲ್ಲ" ಅನ್ನುವ ಪೋಸ್ಟ್‌ಗಳು ಶುರುವಾಗುತ್ತವೆ. ಕೇಳುವವರ ವಿಷಯ ಬಿಡಿ, ವಾದ್ಯ ಮಾಡಲು ಮರ ಬೇಕಲ್ವಾ?

ತಮಿಳುನಾಡಿನ ಕುಂಭಕೋಣದ ಹತ್ತಿರ ನರಸಿಂಗಂಪೇಟೆ ಅಂತ ಊರಿದೆ. ನಾದಸ್ವರ ತಯಾರಿಕೆಗೇ ಅದು ಹೆಸರುವಾಸಿ. 2022ರಲ್ಲಿ ಅಲ್ಲಿನ ನಾದಸ್ವರಕ್ಕೆ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ) ಕೂಡ ಸಿಕ್ಕಿತು. ಹೆಸರಾಂತ ನಾದಸ್ವರ ವಿದ್ವಾನ್ ಟಿ.ಎನ್. ರಾಜರತ್ನಂ ಪಿಳ್ಳೆಯವರ ಜೊತೆ ಸೇರಿ ಇವತ್ತಿನ 'ಬಾರಿ' ಅನ್ನುವ ಉದ್ದನೆಯ ನಾದಸ್ವರ ರೂಪಿಸಿದ ರಂಗನಾಥನ್ ಆಚಾರಿ ಆ ಊರಿನವರೇ.

ಕೊಳವೆಗೆ ಬೇಕಾಗುವುದು ಆಚ್ಚಾ ಮರ. ನಮ್ಮ ತುಮಕೂರು, ಚಿತ್ರದುರ್ಗದ ಕಡೆ ಕುರಿಗೆ ಸೊಪ್ಪು ಕಡಿಯುವ ಕಮರ ಇದೆಯಲ್ಲ, ಅದೇ. ಆದರೆ ಹಸಿ ಮರ ಆಗುವುದಿಲ್ಲ. ನಾದಸ್ವರದ ಒಳಗೆ ಉದ್ದಕ್ಕೂ ಕೊರೆಯಬೇಕು, ಬಾಯಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಅಗಲ ಆಗುತ್ತಾ ಹೋಗಬೇಕು. ಮರದಲ್ಲಿ ತೇವ ಉಳಿದಿದ್ದರೆ ಆಮೇಲೆ ಅದು ಸೊಟ್ಟಗಾಗುತ್ತದೆ, ಸೀಳುತ್ತದೆ, ಶ್ರುತಿ ಹೋಗುತ್ತದೆ. ಅದಕ್ಕೇ ಕೆಡವಿದ ಹಳೇ ಮನೆಗಳ ತೊಲೆ, ಕಂಬಗಳನ್ನು ವಾದ್ಯ ಮಾಡುವವರು ಹುಡುಕಿಕೊಂಡು ಹೋಗುತ್ತಾರೆ. ಎಪ್ಪತ್ತು ಎಂಬತ್ತು ವರ್ಷ ಸೂರಿನಡಿ ಒಣಗಿದ ಮರ.

ಕೇಳೋಕೆ ಚೆನ್ನಾಗಿದೆ. ಮರ ಕಡಿಯಬೇಕಾಗಿಲ್ಲ, ಹಳೇದೇ ವಾದ್ಯವಾಗುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಇದರಲ್ಲಿ ಹೆದರಿಕೆಯೇ ಜಾಸ್ತಿ. ಹಳೇ ಮನೆಗಳೇನು ಮತ್ತೆ ಹುಟ್ಟುತ್ತವಾ? ಈಗ ಕಟ್ಟುವ ಮನೆಯಲ್ಲಿ ಇರುವುದು ಕಬ್ಬಿಣ, ಸಿಮೆಂಟು. ಉಳಿದಿರುವ ತೊಲೆಗಳಿಗೂ ರೆಸಾರ್ಟಿನವರು, ಆಂಟಿಕ್ ಅಂಗಡಿಯವರು ಬಂದು ನಿಲ್ಲುತ್ತಾರೆ. ಅವರು ಕೊಡುವ ರೇಟನ್ನು ಒಬ್ಬ ಆಚಾರಿ ಕೊಡಲು ಆಗುತ್ತದಾ?

"ಫೈಬರಿನಲ್ಲಿ ಮಾಡಿಕೊಳ್ಳಲಿ, ಕದ್ರಿ ಗೋಪಾಲನಾಥ್ ಹಿತ್ತಾಳೆ ಸ್ಯಾಕ್ಸೋಫೋನ್ ನುಡಿಸಲಿಲ್ವಾ" ಅನ್ನುವವರಿದ್ದಾರೆ. ನುಡಿಸಿದರು, ಅದ್ಭುತವಾಗಿ ನುಡಿಸಿದರು. ಅದು ಬೇರೆ ವಾದ್ಯ ಸ್ವಾಮಿ.

ಕಮರ ನಿಧಾನಕ್ಕೆ ಬೆಳೆಯುವ ಮರ. ಇವತ್ತು ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೆ. ಆದರೂ ನೆಡಬೇಕು, ಬಯಲುಸೀಮೆಯ ಒಣ ನೆಲಕ್ಕೆ ಅದು ಹೊಸದೇನಲ್ಲ. ಅಲ್ಲಿಯವರೆಗೆ ಅರಣ್ಯ ಇಲಾಖೆಗಳು ತಮ್ಮ ಡಿಪೋಗಳಲ್ಲಿ ಸಿಗುವ ಕಮರದ ಒಂದು ಪಾಲನ್ನು ಹರಾಜಿಗೆ ಹಾಕದೆ ಒಣಗಲು ಬಿಟ್ಟು, ವಾದ್ಯ ಮಾಡುವವರಿಗೇ ಕಡಿಮೆ ಬೆಲೆಗೆ ಕೊಡಲಿ. ಒಂದು ನಾದಸ್ವರಕ್ಕೆ ಎರಡೂವರೆ ಅಡಿ ತುಂಡು ಸಾಕು. ಜಿಐ ಸರ್ಟಿಫಿಕೇಟ್ ಕೊಟ್ಟ ಸರ್ಕಾರಕ್ಕೆ ಇದೇನು ದೊಡ್ಡ ವಿಷಯ ಅಲ್ಲ.

ನಿಮ್ಮ ಊರಲ್ಲಿ ಯಾರಾದರೂ ಹಳೇ ಮನೆ ಬಿಚ್ಚುತ್ತಿದ್ದರೆ, ಗುಜರಿಯವರು ಬರುವ ಮುಂಚೆ ತೊಲೆ ಯಾವ ಮರದ್ದು ಅಂತ ಒಬ್ಬ ಬಡಗಿಯ ಹತ್ತಿರ ಕೇಳಿಸಿ.