ಸೊಪ್ಪಿನ ಕಡೆ, ಕಾಗದದ ಕಡೆ

ಬ್ರಿಟಿಷ್ ರಾಜನ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, 1780ರ ಜೂನ್ 20ರ ಬೆಳಿಗ್ಗೆ ಅಲ್ಲಿನ ಉತ್ತರ ಕೆರೊಲಿನಾದ ರಾಮ್‌ಸೋರ್ ಗಿರಣಿಯ ಬಳಿ ನಡೆದ ಕಾಳಗದಲ್ಲಿ ಬ್ರಿಟಿಷರ ದಂಡೂ ಇರಲಿಲ್ಲ, ವಾಷಿಂಗ್ಟನ್ನರ ದಂಡೂ ಇರಲಿಲ್ಲ. ಇದ್ದವರೆಲ್ಲ ಅಕ್ಕಪಕ್ಕದ ಒಕ್ಕಲು ಮನೆತನದವರು, ಅಂದರೆ ಒಬ್ಬರನ್ನೊಬ್ಬರು ಕೊಲ್ಲುವಷ್ಟು ಪರಿಚಯವಿದ್ದವರು.

ಈ ಶೌರ್ಯ ಪ್ರದರ್ಶನಕ್ಕೆ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಅಪ್ಪಣೆಯೇನೂ ಇರಲಿಲ್ಲ. ಮುಂದೆ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದನಲ್ಲ, ಅದೇ ಕಾರ್ನ್‌ವಾಲಿಸ್. ಸುಗ್ಗಿ ಮುಗಿಯುವವರೆಗೆ ಸುಮ್ಮನಿರಿ ಎಂದು ಆತ ರಾಜನಿಷ್ಠರಿಗೆ, ಅಂದರೆ ಬ್ರಿಟಿಷ್ ರಾಜನ ಪರವಾಗಿದ್ದ ಅಮೆರಿಕನ್ನರಿಗೆ, ಹೇಳಿ ಕಳುಹಿಸಿದ್ದನು. ರಾಜನ ಮೇಲಿನ ನಿಷ್ಠೆ ಉಕ್ಕಿ ಹರಿಯುತ್ತಿದ್ದುದರಿಂದ ರಾಜನ ಸೇನಾಪತಿಯ ಮಾತು ಕೇಳುವಷ್ಟು ವ್ಯವಧಾನವಿಲ್ಲದ ರಾಜನಿಷ್ಠರ ನಾಯಕ ಜಾನ್ ಮೂರ್, ಸುಮಾರು 1,300 ಜನರನ್ನು ಗುಡ್ಡದ ಮೇಲೆ ಒಟ್ಟುಗೂಡಿಸಿದನು. ಅವರಲ್ಲಿ ಕಾಲು ಭಾಗದವರ ಕೈಯಲ್ಲಿ ಕೋವಿಯೇ ಇರಲಿಲ್ಲ.

ಎದುರಾಳಿಗಳ ವಿವೇಕವೂ ಇದಕ್ಕೇನು ಕಡಿಮೆಯಿರಲಿಲ್ಲ. ಸ್ವಾತಂತ್ರ್ಯದ ಕಡೆಯ ನಾಯಕ ಫ್ರಾನ್ಸಿಸ್ ಲಾಕ್‌ನ ಬಳಿ ಇದ್ದವರು ಸುಮಾರು 400 ಜನ. ತಮ್ಮದೇ ಕಡೆಯ ಸೇನಾನಿ ರದರ್‌ಫರ್ಡ್‌ನ ದೊಡ್ಡ ಪಡೆ ಬರಲಿ, ಆಮೇಲೆ ನೋಡೋಣ ಎಂದು ಸಭೆಯಲ್ಲಿ ಕೆಲವರು ಹೇಳಿದರು. ನಿಮಗೆ ಭಯವೇನೋ ಎಂಬರ್ಥದ ಚುಚ್ಚುಮಾತು ಕೇಳಿಬಂದದ್ದೇ ತಡ, ಎಲ್ಲರೂ ಒಮ್ಮತದಿಂದ ದಾಳಿಗೆ ಹೊರಟರು. ಮೀಸೆಯ ಮರ್ಯಾದೆಗಿಂತ ದೊಡ್ಡ ಯುದ್ಧತಂತ್ರ ಯಾವುದಿದೆ?

ಸಮವಸ್ತ್ರದ ಸಮಸ್ಯೆಯನ್ನು ಅವರು ಬಗೆಹರಿಸಿಕೊಂಡ ಬಗೆಯಂತೂ ಯಾವುದೇ ಇಲಾಖೆಗೆ ಮಾದರಿಯಾಗುವಂಥದ್ದು. ರಾಜನ ಕಡೆಯವರು ಟೋಪಿಗೆ ಹಸಿರು ಸೊಪ್ಪಿನ ಕಡ್ಡಿ ಸಿಕ್ಕಿಸಿಕೊಂಡರು. ಸ್ವಾತಂತ್ರ್ಯದ ಕಡೆಯವರು ಬಿಳಿ ಕಾಗದದ ಚೂರನ್ನು. ಮಂಜು ಕವಿದ ಬೆಳಗಿನಲ್ಲಿ ಹಣೆಯ ನೇರಕ್ಕೆ ಬಿಳಿ ಕಾಗದ ಧರಿಸುವುದೆಂದರೆ ಗುಂಡಿಗೆ ವಿಳಾಸ ಬರೆದುಕೊಟ್ಟಂತೆ. ಅದರಂತೆ ಹಲವರಿಗೆ ಗುಂಡು ತಲೆಗೇ ತಲುಪಿತು. ಕೋವಿಯ ತುದಿಗೆ ಸಿಕ್ಕಿಸುವ ಬಯೊನೆಟ್ಟು ಎಂಬ ಚೂರಿಗಳಿಲ್ಲದೆ ಕೋವಿಯ ಹಿಂಬದಿಯಿಂದಲೇ ತಲೆಗೆ ಬಡಿದಾಡುವ ಹಂತ ಬಂದಾಗ ಸೊಪ್ಪೂ ಉದುರಿತು, ಕಾಗದವೂ ಹಾರಿತು. ಬಡಿದಾಟ ಮಾತ್ರ ನಿಲ್ಲಲಿಲ್ಲ.

ಕೊನೆಗೆ ರಾಜನಿಷ್ಠರು ಚದುರಿದರು. ಮೂರ್ ಮೂವತ್ತರಷ್ಟು ಜನರೊಂದಿಗೆ ಬ್ರಿಟಿಷರ ನೆಲೆಯಾಗಿದ್ದ ಕ್ಯಾಮ್ಡನ್ ಸೇರಿಕೊಂಡು, ಅಷ್ಟೊಂದು ನಿಷ್ಠೆ ತೋರಿದ್ದಕ್ಕಾಗಿ ಸೇನಾ ವಿಚಾರಣೆಯ ಬೆದರಿಕೆಯನ್ನು ಬಹುಮಾನವಾಗಿ ಪಡೆದನು. ರದರ್‌ಫರ್ಡ್ ಎಲ್ಲ ಮುಗಿದ ಮೇಲೆ ಬಂದನು. ಎರಡೂ ಕಡೆ ತಲಾ 70ರಷ್ಟು ಜನ ಸತ್ತರೆಂಬುದು ಅಂದಾಜು ಮಾತ್ರ, ಏಕೆಂದರೆ ಬಿದ್ದವರಲ್ಲಿ ಅನೇಕರು ಸೊಪ್ಪಿನವರೋ ಕಾಗದದವರೋ ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ಅವರನ್ನು ಒಂದೇ ಗುಂಡಿಯಲ್ಲಿ ಹೂಳಿದರು.